ಆ ಕೂದಲು ಅಲ್ಲಿ ಇರದೆ ಇನ್ನೆಲ್ಲಿರಬೇಕು?

ನಮಸ್ಕಾರ,

ನಿಮ್ಮ ಕೊಲೆ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ಸರಾಗವಾಗಿ ಓದಿಸಿಕೊಂಡು ಹೋಯಿತು. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ, ತೊಂದರೆ ಶುರುವಾಯಿತು. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

ಮಹಡಿ ಕೋಣೆಯ ದೃಶ್ಯವನ್ನೇ ನೋಡಿ. ಇನ್ಸ್‌ಪೆಕ್ಟರ್ ಬರುತ್ತಾರೆ. ಸತ್ತ ಮಾವನ ಅಂಗಿ ಮೇಲಿದ್ದ ಕೂದಲಿನ ತುಂಡನ್ನು ಬರಿಗೈಯಲ್ಲಿ ಎತ್ತುತ್ತಾರೆ. ರಕ್ತದಲ್ಲಿ ನೆನೆದ ಅಂಗಿಯ ಜೊತೆಗೇ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕುತ್ತಾರೆ. ಸಂಜೆ ಲ್ಯಾಬಿನಿಂದ ಫೋನ್: ಕೊಲೆಗಾರ ಅಳಿಯ. ಎಂಟು ಸಾಲಿನಲ್ಲಿ ಕೇಸ್ ಮುಗಿಯಿತು. ಅಳಿಯನ ವಕೀಲರಿಗೆ ಈ ಎಂಟು ಸಾಲು ಸಿಕ್ಕರೆ ಕೋರ್ಟಿನಲ್ಲೂ ಬೇಗನೇ ಮುಗಿಯುತ್ತದೆ, ಆದರೆ ನೀವು ಅಂದುಕೊಂಡ ಹಾಗಲ್ಲ.

ಹಸಿ ಬಟ್ಟೆ ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ಅದನ್ನು ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಕೂದಲಿಗೆ ಬೇರೆಯೇ ಕವರ್ ಬೇಕು. ಇನ್ನು ಬುಡವಿಲ್ಲದ ಕೂದಲಿನಿಂದ ಸಾಮಾನ್ಯವಾಗಿ ಸಿಗುವುದು ಮೈಟೊಕಾಂಡ್ರಿಯದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ. ಅದು ತಾಯಿಯಿಂದ ಬರುತ್ತದೆ, ಒಡಹುಟ್ಟಿದವರಲ್ಲಿ ಒಂದೇ ಇರುತ್ತದೆ. ಅಳಿಯನಿಗೆ ಒಬ್ಬ ತಮ್ಮ ಇದ್ದಾನೆ ಅಂತ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ! ಇಂಥ ತಿರುವನ್ನು ಕೈಯಾರೆ ಬಿಟ್ಟಿರಲ್ಲ ಅಂತ ಹೊಟ್ಟೆ ಉರಿಯಿತು.

ಬರಿಗೈಯ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಮುಟ್ಟಿದವರ ಡಿಎನ್‌ಎ ಸಾಕ್ಷಿಗೆ ಅಂಟಿದರೆ ತನಿಖೆಯೇ ದಾರಿ ತಪ್ಪುತ್ತದೆ. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಅಲ್ಲಿ ಸಿಕ್ಕ ಹೆಂಗಸಿನ ಡಿಎನ್‌ಎ ಸುಮಾರು 40 ಅಪರಾಧಗಳ ಜಾಗದಲ್ಲಿ ಕಂಡಿತ್ತು. ಎಲ್ಲರೂ ಅವಳ ಬೆನ್ನು ಹತ್ತಿದರು. 2009ರಲ್ಲಿ ಗೊತ್ತಾಯಿತು, ಅಂಥ ಕೊಲೆಗಾರ್ತಿಯೇ ಇರಲಿಲ್ಲ. ಮಾದರಿ ತೆಗೆಯುವ ಹತ್ತಿಯ ಕಡ್ಡಿಗಳನ್ನು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದವಳ ಡಿಎನ್‌ಎ ಅದು.

ನನ್ನ ದೊಡ್ಡ ತಕರಾರು ಇದಲ್ಲ. ಅಳಿಯ ಅದೇ ಮನೆಯಲ್ಲಿ ಇರುವವನು. ಒಂದೇ ಸೋಫಾ, ಒಂದೇ ವಾಷಿಂಗ್ ಮಷಿನ್. ಅವನ ಕೂದಲು ಮಾವನ ಅಂಗಿ ಮೇಲೆ ಇದ್ದರೆ ಏನು ಆಶ್ಚರ್ಯ? ಎರಡು ವಸ್ತು ತಾಗಿದರೆ ಒಂದರದ್ದು ಇನ್ನೊಂದಕ್ಕೆ ಅಂಟುತ್ತದೆ ಅನ್ನುವುದು ಫ್ರಾನ್ಸಿನ ಅಪರಾಧ ವಿಜ್ಞಾನಿ ಎಡ್ಮಂಡ್ ಲೊಕಾರ್ಡ್ ಹೇಳಿಕೊಟ್ಟ ತತ್ವ. ಅಂಟಿದ್ದು ಯಾವಾಗ, ಯಾಕೆ ಅನ್ನುವುದನ್ನು ಕೂದಲು ಹೇಳುವುದಿಲ್ಲ. ಇನ್ಸ್‌ಪೆಕ್ಟರ್ ಹುಡುಕಬೇಕಾದದ್ದು ಅಲ್ಲಿ ಇರಬಾರದ ವಸ್ತುವನ್ನು.

ಅದೂ ನಿಮ್ಮ ಕಥೆಯಲ್ಲೇ ಇದೆ: ಒಡೆದ ಕಿಟಕಿ. ನೀವು ಅದನ್ನು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದೀರಿ ಅಲ್ವಾ? ಗಾಜು ಒಡೆದಾಗ ಸಣ್ಣ ಚೂರುಗಳು ಹೊಡೆದವನ ಕಡೆಗೂ ಹಾರುತ್ತವೆ. ಉಣ್ಣೆಯ ಸ್ವೆಟರಿನಲ್ಲಿ ಸಿಕ್ಕಿಕೊಳ್ಳುತ್ತವೆ, ಓಡಾಡಿದ ಹಾಗೆ ಉದುರುತ್ತಾ ಹೋಗುತ್ತವೆ. ಹಾಗಾಗಿ ಸ್ವೆಟರನ್ನು ಎಷ್ಟು ಬೇಗ ವಶಪಡಿಸಿಕೊಂಡರು ಅನ್ನುವುದೇ ಒಂದು ಓಟ. ಲ್ಯಾಬಿನಲ್ಲಿ ಚೂರಿನ ವಕ್ರೀಭವನ ಸೂಚ್ಯಂಕವನ್ನು (ಗಾಜಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅನ್ನುವ ಅಳತೆಯನ್ನು) ಕಿಟಕಿ ಗಾಜಿನದಕ್ಕೆ ಹೋಲಿಸುತ್ತಾರೆ. ಹೊಂದಿದರೂ 'ಇದೇ ಕಿಟಕಿ' ಅನ್ನುವುದಿಲ್ಲ, 'ಈ ಕಿಟಕಿಯದು ಇರಬಹುದು' ಅನ್ನುತ್ತಾರೆ. ಆ 'ಇರಬಹುದು' ನಿಮ್ಮ ಇನ್ಸ್‌ಪೆಕ್ಟರಿಗೆ ನಿದ್ದೆ ಕೆಡಿಸಲಿ.

ರಕ್ತದ ಕಲೆ ಹುಡುಕಲು ಸಿಂಪಡಿಸುವ ಲೂಮಿನಾಲ್ ಹೊಳೆದ ಕೂಡಲೇ 'ಮನುಷ್ಯನ ರಕ್ತ!' ಅಂತ ಕೂಗುವ ಸಾಲನ್ನು ತೆಗೆಯಿರಿ. ಬ್ಲೀಚ್ ಹಾಕಿ ಒರೆಸಿದ ನೆಲವೂ ಹೊಳೆಯುತ್ತದೆ.

ಅತ್ತೆಯ ಮಾತುಗಳು ಮಾತ್ರ ಜೀವಂತವಾಗಿವೆ, ಒಂದಕ್ಷರ ಮುಟ್ಟಬೇಡಿ. ಸಂಜೆಯ ಫೋನ್ ಕರೆ ಹೊಡೆದುಹಾಕಿ ಮತ್ತೆ ಬರೆದು ಕಳಿಸಿ. ತಮ್ಮನನ್ನು ಮರೆಯಬೇಡಿ.

ಇಂತಿ,
ಸಂಪಾದಕ