ಪೆನಾಲ್ಟಿ ಶೂಟೌಟ್ ಕೂಡ ಸಮವಾದರೆ ಟಾಸ್ ಹಾಕಿ ವಿಜೇತರನ್ನು ನಿರ್ಧರಿಸುತ್ತಾರೆಯೇ?

ಇಲ್ಲ. ಫುಟ್‌ಬಾಲ್ ಪಂದ್ಯ ಸಮವಾದಾಗ ಎರಡೂ ತಂಡದವರು ಸರದಿಯಂತೆ ಗೋಲ್‌ಕೀಪರ್ ಎದುರು ಚೆಂಡು ಒದೆಯುವುದೇ ಪೆನಾಲ್ಟಿ ಶೂಟೌಟ್. ಅದೂ ಸಮವಾದರೆ, ಒಂದು ಸುತ್ತಿನಲ್ಲಿ ಒಬ್ಬರು ಗೋಲು ಹೊಡೆದು ಇನ್ನೊಬ್ಬರು ತಪ್ಪುವವರೆಗೂ ಒದೆಯುತ್ತಲೇ ಇರಬೇಕು, ಅಷ್ಟೇ ನಿಯಮ. ಹಾಗಾದರೆ 2024ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟ) 19 ವರ್ಷದೊಳಗಿನ ಮಹಿಳೆಯರ ಟೂರ್ನಿಯ ಫೈನಲ್‌ನಲ್ಲಿ ಟಾಸ್ ಹಾಕಿದ್ದು ಹೇಗೆ ಎಂದು ನೀವು ಕೇಳಿದ್ದೀರಿ. ಅದು ನಿಯಮವಲ್ಲ, ನಿಯಮ ತಪ್ಪಿದ್ದು. ಆ ಪಂದ್ಯವನ್ನು ನಾನು ಮೊಬೈಲ್‌ನಲ್ಲಿ ಕೊನೆಯವರೆಗೂ ನೋಡಿದ್ದೆ.

ಫೆಬ್ರುವರಿ 8, ಢಾಕಾ. ಟೂರ್ನಿಯಲ್ಲಿದ್ದದ್ದು ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್ ಎಂಬ ನಾಲ್ಕೇ ತಂಡಗಳು. ಲೀಗ್ ಹಂತದಲ್ಲಿ ಬಾಂಗ್ಲಾದೇಶಕ್ಕೆ 1–0ರಿಂದ ಸೋತಿದ್ದ ಭಾರತ, ಫೈನಲ್‌ನಲ್ಲಿ ಎಂಟನೇ ನಿಮಿಷಕ್ಕೇ ಶಿಬಾನಿ ದೇವಿ ಗೋಲಿನಿಂದ ಮುಂದಾಯಿತು. ಆ ಒಂದು ಗೋಲನ್ನು ಕಾಪಾಡಿಕೊಂಡು ತೊಂಬತ್ತು ನಿಮಿಷ ದಾಟಿಯೂ ಆಗಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಬಾಂಗ್ಲಾದೇಶದ ಸಾಗರಿಕಾ ಸಮ ಮಾಡಿದಳು. ತವರಿನ ಪ್ರೇಕ್ಷಕರ ಕೂಗಿಗೆ ವೀಕ್ಷಕ ವಿವರಣೆಯೇ ಕೇಳಿಸಲಿಲ್ಲ.

ಆಮೇಲಿನ ಶೂಟೌಟ್ ನನ್ನ ಕಣ್ಣಿಗೆ ಕಟ್ಟಿದಂತಿದೆ. ಐದೈದು ಒದೆತಗಳಾದವು, ಯಾರೂ ತಪ್ಪಲಿಲ್ಲ. ಆರು, ಏಳು, ಎಂಟು... ಕೊನೆಗೆ ಇಬ್ಬರು ಗೋಲ್‌ಕೀಪರ್‌ಗಳೂ ಬಂದು ಒದ್ದರು, ಇಬ್ಬರೂ ಗೋಲು ಹೊಡೆದರು. 11–11. ಹತ್ತೊಂಬತ್ತು ವರ್ಷದೊಳಗಿನ ಇಪ್ಪತ್ತೆರಡು ಹುಡುಗಿಯರಲ್ಲಿ ಒಬ್ಬಳ ಕಾಲೂ ನಡುಗಲಿಲ್ಲ!

ಇಲ್ಲಿಂದ ಮುಂದೆ ಒದೆತಗಳ ಎರಡನೇ ಸರದಿ ಶುರುವಾಗಬೇಕಿತ್ತು. ಮೈದಾನದಲ್ಲಿರುವ ಎಲ್ಲರೂ ಒಮ್ಮೆ ಒದೆಯುವವರೆಗೆ ಯಾರೂ ಎರಡನೇ ಸಲ ಒದೆಯುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಎರಡನೇ ಸರದಿ, ಮೊದಲಿನ ಕ್ರಮವನ್ನು ಬೇಕಾದರೆ ಬದಲಿಸಿಕೊಳ್ಳಬಹುದು. ನಾನು ಬೆಂಗಳೂರಿನಲ್ಲಿ ಶಾಲಾ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತೇನೆ. ಒಮ್ಮೆ ಏಳು ಜನರ ತಂಡಗಳ ಪಂದ್ಯದಲ್ಲಿ ಎರಡೂ ಕಡೆ ಏಳು ಒದೆತಗಳೂ ಗೋಲಾದಾಗ, ಒಬ್ಬ ಹುಡುಗಿ ಓಡಿಬಂದು ‘ಸರ್, ಮತ್ತೆ ನಾನೇ ಒದೆಯಬಹುದಾ?’ ಎಂದು ಕೇಳಿದಳು. ಪುಸ್ತಕದಲ್ಲಿ ಏಳು ಅಂಕಿಗಳಿಗೂ ಗೆರೆ ಎಳೆದದ್ದನ್ನು ತೋರಿಸಿ ‘ಹೌದು’ ಎಂದೆ. ಅವಳ ಮುಖ ಅರಳಿದ್ದು ಇನ್ನೂ ನೆನಪಿದೆ.

ಢಾಕಾದ ಹುಡುಗಿಯರಿಗೆ ಆ ಅವಕಾಶ ಸಿಗಲಿಲ್ಲ. ಪಂದ್ಯದ ಕಮಿಷನರ್ (ಪಂದ್ಯದ ಮೇಲ್ವಿಚಾರಣೆಯ ಅಧಿಕಾರಿ) ಸೂಚನೆಯಂತೆ ನಾಯಕಿಯರನ್ನು ಕರೆದು ನಾಣ್ಯ ಚಿಮ್ಮಿಸಲಾಯಿತು. ಭಾರತ ಗೆದ್ದಿತು ಎಂದು ಘೋಷಿಸಿದರು, ನಮ್ಮವರು ಕುಣಿದಾಡಿದರು. ಬಾಂಗ್ಲಾದೇಶದವರು ಮೈದಾನ ಬಿಟ್ಟು ಕದಲದೆ ಪ್ರತಿಭಟಿಸಿದರು, ಗ್ಯಾಲರಿಯಿಂದ ಬಾಟಲಿಗಳು ಹಾರಿಬಂದವು. ತಪ್ಪು ಅರಿವಾಗಿ ಶೂಟೌಟ್ ಮುಂದುವರಿಸಲು ನೋಡಿದರೂ ಅಷ್ಟರಲ್ಲಿ ಭಾರತ ತಂಡ ಮೈದಾನದಿಂದ ಹೊರಟಾಗಿತ್ತು. ಬಹಳ ಹೊತ್ತಿನ ಮಾತುಕತೆಯ ನಂತರ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಘೋಷಿಸಿದರು.

ಟಾಸ್ ಎಂಬುದು ಆಕಾಶದಿಂದ ಬಿದ್ದ ಯೋಚನೆಯೇನೂ ಅಲ್ಲ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಇಟಲಿ, ಸೋವಿಯತ್ ಒಕ್ಕೂಟವನ್ನು ಸೆಮಿಫೈನಲ್‌ನಲ್ಲಿ ದಾಟಿದ್ದು ನಾಣ್ಯದ ಬಲದಿಂದಲೇ. ಇಂಥ ಅನ್ಯಾಯ ಬೇಡವೆಂದೇ 1970ರಲ್ಲಿ ಶೂಟೌಟ್ ನಿಯಮಾವಳಿಗೆ ಸೇರಿತು. ಈಗ ಶೂಟೌಟ್‌ನಲ್ಲಿ ನಾಣ್ಯಕ್ಕೆ ಇರುವ ಕೆಲಸ ಎರಡೇ: ಯಾವ ಗೋಲಿನತ್ತ ಒದೆಯಬೇಕು, ಯಾರು ಮೊದಲು ಒದೆಯಬೇಕು.

ಟಾಸ್ ಗೆದ್ದದ್ದು ನಮ್ಮ ದೇಶವೇ ಆದರೂ ಆ ರಾತ್ರಿ ನನಗೆ ಸಂತೋಷವಾಗಲಿಲ್ಲ. ಹನ್ನೆರಡನೇ ಒದೆತಕ್ಕೆ ಯಾರು ಬರುತ್ತಿದ್ದರು ಎಂದು ಈಗಲೂ ಯೋಚಿಸುತ್ತೇನೆ.