ಎರಡೂ ಆಟದಲ್ಲಿ ಮಿಂಚಿದವರು ಇದ್ದಾರೆ

ಬಾಸ್ಕೆಟ್‌ಬಾಲ್ ತಾರೆ ಮೈಕೆಲ್ ಜೋರ್ಡನ್ ಬೇಸ್‌ಬಾಲ್‌ನಲ್ಲಿ ಸೋತರಲ್ಲ, ಹಾಗಾದರೆ ಎರಡು ವೃತ್ತಿಪರ ಆಟಗಳಲ್ಲಿ ಯಾರೂ ಗೆದ್ದಿಲ್ಲವೇ ಅಂತ ಕೇಳಿದ್ದೀರಿ. ಗೆದ್ದಿದ್ದಾರೆ. ಜೋರ್ಡನ್ 1994ರಲ್ಲಿ ಆಡಿದ್ದು ಕೆಳಹಂತದ ಲೀಗ್‌ನಲ್ಲಿ, ಬ್ಯಾಟಿಂಗ್ ಸರಾಸರಿ .202, ಅಂದರೆ ನೂರು ಸಲ ಬ್ಯಾಟ್ ಮಾಡಿದರೆ ಸುಮಾರು 20 ಸಲ ಹಿಟ್. ಬ್ಯಾಟ್ ಬಿಟ್ಟು ಎಷ್ಟೋ ವರ್ಷ ಆದವರಿಗೆ ಅದೇನೂ ಕಳಪೆ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ನೀವು ಹುಡುಕುತ್ತಿರುವ ಹೆಸರು ಬೋ ಜಾಕ್ಸನ್. ಬೇಸ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ಎರಡರಲ್ಲೂ ಆಲ್‌ಸ್ಟಾರ್ ಆಗಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರರ ಸಾಲಿಗೆ, ಆಯ್ಕೆಯಾದವರು. 1989ರ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯದಲ್ಲಿ ತಂಡದ ಮೊದಲ ಬ್ಯಾಟರ್ ಆಗಿ ಬಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದರು, ಪಂದ್ಯಶ್ರೇಷ್ಠರೂ ಆದರು. 1991ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವಾಗ ಎದುರಾಳಿ ಆಟಗಾರ ಅವರನ್ನು ಹಿಂದಿನಿಂದ ಹಿಡಿದು ಕೆಡವಿದರು, ಅವರ ಸೊಂಟದ ಕೀಲು ಹಾಳಾಯಿತು. ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. ಆದರೆ ಕೃತಕ ಕೀಲು ಹಾಕಿಸಿಕೊಂಡು 1993ರಲ್ಲಿ ಬೇಸ್‌ಬಾಲ್‌ಗೆ ಮರಳಿದರು. ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್! ಇದಕ್ಕಿಂತ ಜಾಸ್ತಿ ಏನು ಬೇಕು ಹೇಳಿ?

ಡಿಯಾನ್ ಸ್ಯಾಂಡರ್ಸ್ ಕೂಡ ಇದೇ ಎರಡು ಆಟದವರು. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್, ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಎರಡನ್ನೂ ಆಡಿದ್ದಾರೆ.

ಕ್ರಿಕೆಟ್ ನೋಡುವವರಾದರೆ ಎಲಿಸ್ ಪೆರಿ ಗೊತ್ತಲ್ವಾ? 16ನೇ ವಯಸ್ಸಿಗೇ ಆಸ್ಟ್ರೇಲಿಯಾ ಪರ ಕ್ರಿಕೆಟ್, ಫುಟ್‌ಬಾಲ್ (ಇದು ಕಾಲಿನಿಂದ ಆಡುವ ನಮ್ಮ ಫುಟ್‌ಬಾಲ್) ಎರಡನ್ನೂ ಆಡಿದರು. 2011ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧ ಅವರು ಹೊಡೆದ ಗೋಲನ್ನು ಒಮ್ಮೆ ನೋಡಿ. ದೂರದಿಂದ ಒದ್ದ ಚೆಂಡು ನೇರ ಮೇಲಿನ ಮೂಲೆಗೆ. ಪಂದ್ಯ ಮಾತ್ರ 3-1ರಿಂದ ಕೈತಪ್ಪಿತು.