ಓದುಗರ ಪ್ರಶ್ನೆ: ಲಾಲ್‌ಬಾಗ್‌ನಲ್ಲಿ ಮಕ್ಕಳಿಗೆ ಏನು ತೋರಿಸಲಿ?

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಶಾಲಾ ಶಿಕ್ಷಕಿ. ಕಳೆದ ಜನವರಿಯಲ್ಲಿ ಮಕ್ಕಳನ್ನು ಬೆಂಗಳೂರಿನ ಲಾಲ್‌ಬಾಗ್‌ಗೆ ಕರೆದೊಯ್ದಿದ್ದೆವು. ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಅವರು ಕಂಡದ್ದು ಮುಂದಿನವರ ಬೆನ್ನನ್ನಷ್ಟೇ. ಸಾಲದ್ದಕ್ಕೆ ಒಬ್ಬ ಹುಡುಗ ಕೈವಾರದ ಮೊನೆಯಿಂದ ಮರದ ಮೇಲೆ ಹೆಸರು ಕೆತ್ತಿ ಬಂದ. ಈ ಬಾರಿ ಏನು ತೋರಿಸಲಿ, ಹಾನಿಯಾಗದಂತೆ ಹೇಗೆ ನೋಡಿಕೊಳ್ಳಲಿ?

ಉತ್ತರ: ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನ ಪ್ರದರ್ಶನದ ದಿನಗಳನ್ನು ಬಿಟ್ಟು, ವಾರದ ನಡುವೆ ಬೆಳಿಗ್ಗೆ ಬೇಗ ಹೋಗಿ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗೆ ಹರಡಿದೆ. ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸುವ ಹಟ ಬೇಡ.

ಮೊದಲು ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಹತ್ತಿಸಿ. ಅದು ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಬಂಡೆಯ ಮೇಲೆ ಅಂಗೈ ಇಟ್ಟು, ಕಪ್ಪು ಬಿಳುಪು ಪಟ್ಟೆಗಳ ಜಾಡು ಹಿಡಿದು ನಡೆಯಲು ಹೇಳಿ.

ಬಳಿಕ ಬಿಳಿ ಬೂರುಗದ ಮರದ ಬಳಿ ಹೋಗಿ, ಹಲಗೆಗಳಂತೆ ಎದ್ದು ನಿಂತ ಬೇರುಗಳನ್ನು ಸ್ವಲ್ಪ ದೂರದಿಂದಲೇ ತೋರಿಸಿ. ಹೆಸರು ಕೆತ್ತಿದ ಹುಡುಗನಿಗೆ ಬೈಗುಳ ಬೇಡ, ವಿವರಣೆ ಸಾಕು. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅದನ್ನು ಗೀರಿದರೆ ಆ ದಾರಿ ಅಷ್ಟರಮಟ್ಟಿಗೆ ಕಡಿಯುತ್ತದೆ, ಗಾಯದೊಳಗೆ ಶಿಲೀಂಧ್ರವೂ ಕೀಟವೂ ಹೊಗುತ್ತವೆ. ಮರದ ಸುತ್ತ ಪೂರ್ತಿ ತೊಗಟೆ ಸುಲಿದರಂತೂ ಬೇರು ಹಸಿದು ಮರವೇ ಒಣಗುತ್ತದೆ.

ಹೆಚ್ಚು ಹೊತ್ತು ಕೆರೆಯ ದಡದಲ್ಲಿ ಕಳೆಯಿರಿ. ಕಾಲು ಗಂಟೆ ಯಾರೂ ಮಾತಾಡಬಾರದೆಂದು ಪಂದ್ಯ ಕಟ್ಟಿ. ಮೀನಿಗಾಗಿ ಮುಳುಗೆದ್ದ ನೀರುಕಾಗೆ ಒದ್ದೆಯಾದ ರೆಕ್ಕೆಗಳನ್ನು ಬಿಸಿಲಿಗೆ ಹರಡಿ ನಿಲ್ಲುವುದನ್ನು ಗದ್ದಲವಿಲ್ಲದಿದ್ದರೆ ಹತ್ತಿರದಿಂದಲೇ ನೋಡಬಹುದು. ಪುರಿ, ಬ್ರೆಡ್ಡು ಎರಚುವ ಅಭ್ಯಾಸಕ್ಕೆ ಮಾತ್ರ ಅಲ್ಲಿ ಅವಕಾಶ ಕೊಡಬೇಡಿ: ಮೀನು ತಿನ್ನದೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ, ಪಾಚಿಯನ್ನು ಬೆಳೆಸುತ್ತದೆ.

ಗಾಜಿನ ಮನೆಯನ್ನು ದಾರಿಯಲ್ಲಿ ನೋಡಿಕೊಂಡರಾಯಿತು.

ಪ್ರಶ್ನೆ: ತುಮಕೂರಿನಲ್ಲಿ ನಾವು ವಾಯುವಿಹಾರಕ್ಕೆ ಹೋಗುವ ಉದ್ಯಾನವೊಂದರಲ್ಲಿ ಉದುರಿದ ಹೊಂಗೆ ಎಲೆಗಳನ್ನು ಗುಡಿಸಿ ಸುಡುತ್ತಾರೆ. ಸ್ವಚ್ಛತೆಗೆ ಅದು ಬೇಕೆನ್ನುತ್ತಾರೆ. ಸರಿಯೇ?

ಉತ್ತರ: ಸರಿಯಲ್ಲ. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿದು ಗೊಬ್ಬರ ಮಾಡುತ್ತಿದ್ದ ಜಿಲ್ಲೆಯಲ್ಲಿ ಈ ಪ್ರಶ್ನೆ ಏಳಬಾರದಿತ್ತು. ಹೊಗೆ ಸೇರುವುದು ಆರೋಗ್ಯಕ್ಕೆಂದು ನಡೆಯಲು ಬಂದವರ ಶ್ವಾಸಕೋಶವನ್ನೇ. ಎಲೆಗಳನ್ನು ಕಾಂಡಕ್ಕೆ ತಾಗದಂತೆ ಬುಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹರಡಿದರೆ ಬೇಸಿಗೆಯಲ್ಲಿ ನೆಲದ ತೇವ ಆರುವುದಿಲ್ಲ. ಉಳಿದದ್ದನ್ನು ಮೂಲೆಯ ಗುಂಡಿಗೆ ತುಂಬಿ, ಆಗಾಗ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿದರೆ ಕೆಲವೇ ತಿಂಗಳಲ್ಲಿ ಗೊಬ್ಬರವಾಗುತ್ತದೆ. ಗುಂಡಿ ತೋಡಬಹುದಾದ ಜಾಗವನ್ನೂ ಗುರುತಿಸಿ, ಹತ್ತು ಜನ ಸಹಿ ಹಾಕಿ ಮನವಿ ಕೊಡಿ. ಬರಿಯ ದೂರಿಗಿಂತ ಅದನ್ನು ಬೇಗ ಓದುತ್ತಾರೆ.